ಬೆಲ್ಟ್‌ಫೆಡ್ ಗನ್ ಕೊಳ್ಳುವ ಮುನ್ನ ಅಮೆರಿಕದ ಡೀಲರ್ ಏನೇನು ನೋಡಬೇಕು?

ಟೆಕ್ಸಾಸ್ ಅಂಗಡಿ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿ ನಾನು ಮತ್ತು ನನ್ನ ಭಾವಮೈದುನ ಸೇರಿ ಬಂದೂಕಿನ ಅಂಗಡಿಯೊಂದನ್ನೂ ಅದಕ್ಕೆ ಹೊಂದಿಕೊಂಡ ಒಳಾಂಗಣ ರೇಂಜನ್ನೂ ನಡೆಸುತ್ತಿದ್ದೇವೆ. ನಮ್ಮದು ಬಂದೂಕು ಮಾರುವವರಿಗೆ ಕೊಡುವ ಟೈಪ್ 01 ಫೆಡರಲ್ ಲೈಸೆನ್ಸ್. ಅದರ ಮೇಲೆ ಮೆಷಿನ್ ಗನ್, ಸೈಲೆನ್ಸರ್ ವ್ಯಾಪಾರಕ್ಕೆ ಬೇಕಾದ ಕ್ಲಾಸ್ 3 ವಿಶೇಷ ತೆರಿಗೆಯನ್ನೂ ಕಟ್ಟುತ್ತಿದ್ದೇವೆ. ಇದುವರೆಗೆ ಆ ತೆರಿಗೆಯ ಲಾಭವನ್ನೆಲ್ಲ ಸೈಲೆನ್ಸರ್ ಮಾರಾಟದಲ್ಲೇ ಪಡೆದಿದ್ದೇವೆ. ಆದರೆ ರೇಂಜಿಗೆ ಬರುವ ಗಿರಾಕಿಗಳು ಬೆಲ್ಟ್‌ನಿಂದ ಗುಂಡು ತೆಗೆದುಕೊಳ್ಳುವ ಮೆಷಿನ್ ಗನ್ ಬಾಡಿಗೆಗೆ ಸಿಗುತ್ತದೆಯೇ ಎಂದು ಮತ್ತೆ ಮತ್ತೆ ವಿಚಾರಿಸುತ್ತಿರುವುದರಿಂದ, ಒಂದನ್ನಾದರೂ ತರಿಸುವ ಆಲೋಚನೆ ಬಂದಿದೆ.

ಎಂ249, ಎಂ240, ಎಂ60 ಮತ್ತು ಹಳೆಯ ಬ್ರೌನಿಂಗ್ 1919, ಈ ನಾಲ್ಕು ನಮ್ಮ ಮನಸ್ಸಿನಲ್ಲಿವೆ. ಭಾವಮೈದುನನಿಗೆ ಎಂ249 ಮೇಲೆ ಆಸೆ. ನನಗೆ ಹಾಕಿದ ಬಂಡವಾಳ ಮುಳುಗದಿದ್ದರೆ ಸಾಕು. ಡೀಲರ್ ಆಗಿರುವವರು ಯಾವ ದೃಷ್ಟಿಯಿಂದ ಆರಿಸಬೇಕೆಂದು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಓಹಾಯೋ ಹಳಬ

ಸ್ವಾಮಿ, ನೀವು ಗನ್‌ಗಳ ಹೆಸರು ಹೇಳಿದಿರಿ, ಆದರೆ ಅವು ಯಾವ ವರ್ಗದ ನೋಂದಣಿಯಲ್ಲಿವೆ ಎಂಬುದನ್ನು ಹೇಳಲಿಲ್ಲ. ಈ ವ್ಯಾಪಾರದಲ್ಲಿ ಮೊದಲ ಪ್ರಶ್ನೆಯೇ ಅದು. ಒಂದೇ ಕಾರ್ಖಾನೆಯಿಂದ ಬಂದ, ನೋಡಲು ಒಂದೇ ತೆರನಾದ ಎರಡು ಎಂ60ಗಳಲ್ಲಿ ಒಂದರ ಬೆಲೆ ಮತ್ತೊಂದರ ಹಲವು ಪಟ್ಟು ಇರಬಹುದು. ಆ ವ್ಯತ್ಯಾಸವೆಲ್ಲ ಉಕ್ಕಿನಲ್ಲಿಲ್ಲ, ಕಾಗದದಲ್ಲಿದೆ.

ಮೆಷಿನ್ ಗನ್‌ಗಳ ನೋಂದಣಿ ಮತ್ತು ವರ್ಗಾವಣೆಗೆ 200 ಡಾಲರ್ ತೆರಿಗೆ ಎಂಬ ವ್ಯವಸ್ಥೆ 1934ರ ಕಾಯ್ದೆಯಿಂದ ಬಂದದ್ದು. 1968ರ ಕಾಯ್ದೆ ವಿದೇಶಿ ಮೆಷಿನ್ ಗನ್‌ಗಳನ್ನು ಜನಸಾಮಾನ್ಯರಿಗಾಗಿ ಆಮದು ಮಾಡುವುದನ್ನು ನಿಲ್ಲಿಸಿತು. 1986ರ ಮೇ 19ರಂದು ಸಹಿ ಬಿದ್ದ ಕಾಯ್ದೆ, ಆ ದಿನಕ್ಕೆ ಮುಂಚೆ ಕಾನೂನುಬದ್ಧವಾಗಿ ನೋಂದಣಿಯಾಗಿರದ ಯಾವ ಮೆಷಿನ್ ಗನ್ನನ್ನೂ ಖಾಸಗಿ ವ್ಯಕ್ತಿ ಹೊಂದುವಂತಿಲ್ಲ ಎಂದಿತು. ಈ ಮೂರು ಕಾಯ್ದೆಗಳ ನಡುವೆ ಡೀಲರ್‌ನ ಕೈಗೆ ಬರುವ ಮಾಲು ಮೂರು ಬಗೆಯಾಗಿ ಒಡೆದುಕೊಂಡಿದೆ.

ಮೊದಲನೆಯದು ಟ್ರಾನ್ಸ್‌ಫರಬಲ್. ಇವು 1986ಕ್ಕೆ ಮುಂಚೆ ನೋಂದಣಿಯಾದವು. ದೇಶಾದ್ಯಂತ ಒಂದೂ ಮುಕ್ಕಾಲು ಲಕ್ಷದ ಆಸುಪಾಸಿನಲ್ಲಿವೆ, ಇನ್ನು ಹೆಚ್ಚುವುದಿಲ್ಲ. ರಾಜ್ಯದ ಕಾನೂನು ಅಡ್ಡಿಯಾಗದಿದ್ದರೆ ಫಾರ್ಮ್ 4 ಎಂಬ ವರ್ಗಾವಣೆ ಅರ್ಜಿಯ ಮೂಲಕ ಸಾಮಾನ್ಯ ನಾಗರಿಕರಿಗೂ ಮಾರಬಹುದು. ಎರಡನೆಯದು, 1968ರಿಂದ 1986ರ ಮೇ ತಿಂಗಳ ನಡುವೆ ಡೀಲರ್‌ಗಳ ಮಾದರಿಯಾಗಿ ಆಮದಾದ ಗನ್‌ಗಳು. ನಾವು ಪ್ರೀ ಮೇ ಸ್ಯಾಂಪಲ್ ಎನ್ನುತ್ತೇವೆ. ಇವನ್ನು ನಿಮ್ಮಂಥ ಮತ್ತೊಬ್ಬ ಡೀಲರ್‌ಗೆ ಅಥವಾ ಸರ್ಕಾರಿ ಇಲಾಖೆಗೆ ಮಾತ್ರ ಕೊಡಬಹುದು, ಆದರೆ ಕೊಳ್ಳಲು ಪೊಲೀಸ್ ಪತ್ರ ಬೇಕಿಲ್ಲ. ಮುಂದೊಂದು ದಿನ ನೀವು ವಿಶೇಷ ತೆರಿಗೆ ಕಟ್ಟುವುದನ್ನು ಬಿಟ್ಟರೂ ನಿಮ್ಮ ಬಳಿಯೇ ಇಟ್ಟುಕೊಳ್ಳಬಹುದು. ಮೂರನೆಯದು ಪೋಸ್ಟ್ ಸ್ಯಾಂಪಲ್, ಅಂದರೆ 1986ರ ನಂತರದ್ದು. ಟೈಪ್ 01 ಇರುವ ನಿಮಗೆ ಇದು ಬೇಕಾದರೆ, ನಿರ್ದಿಷ್ಟ ಮಾದರಿಯ ಪ್ರದರ್ಶನವನ್ನು ನೋಡಲು ತನಗೆ ಆಸಕ್ತಿಯಿದೆ ಎಂದು ಪೊಲೀಸ್ ಇಲಾಖೆಯೊಂದು ಬರೆದುಕೊಟ್ಟ ಪತ್ರ ಅಗತ್ಯ. ವ್ಯಾಪಾರ ಮುಚ್ಚಿದಾಗ ಅದು ನಿಮ್ಮಲ್ಲಿ ಉಳಿಯುವಂತಿಲ್ಲ: ಅರ್ಹ ಡೀಲರ್‌ಗೆ ಅಥವಾ ಸರ್ಕಾರಕ್ಕೆ ಹೋಗಬೇಕು, ಇಲ್ಲವೇ ನಾಶವಾಗಬೇಕು. ಮಾಲೀಕ ತೀರಿಕೊಂಡರೆ ಟ್ರಾನ್ಸ್‌ಫರಬಲ್ ಗನ್ ತೆರಿಗೆಯಿಲ್ಲದೆ ವಾರಸುದಾರರಿಗೆ ಹೋಗುತ್ತದೆ, ಪೋಸ್ಟ್ ಸ್ಯಾಂಪಲ್ ಹೋಗುವುದಿಲ್ಲ.

ಆದ್ದರಿಂದ ನಾನು ಯಾರಿಗೇ ಆಗಲಿ ಕೇಳುವುದು ಒಂದನ್ನೇ. ಈ ಗನ್ ನಿಮ್ಮ ರಿಜಿಸ್ಟರಿನಿಂದ ಮುಂದೆ ಯಾರ ಹೆಸರಿಗೆ ಹೊರಗೆ ಹೋಗುತ್ತದೆ? ಅದಕ್ಕೆ ಉತ್ತರವಿಲ್ಲದಿದ್ದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ.

ಟೆಕ್ಸಾಸ್ ಅಂಗಡಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದಗಳು ಸರ್. ಪಕ್ಕದ ಸಣ್ಣ ಊರೊಂದರ ಪೊಲೀಸ್ ಮುಖ್ಯಸ್ಥರು ನಮ್ಮ ರೇಂಜಿಗೆ ಬರುತ್ತಿರುತ್ತಾರೆ, ಬಹಳ ಒಳ್ಳೆಯವರು. ಎಂ249ಗೆ ಪತ್ರ ಬೇಕಿದ್ದರೆ ಸಹಿ ಮಾಡಿಕೊಡುತ್ತೇನೆ ಎಂದು ಅವರಾಗಿಯೇ ಹೇಳಿದ್ದಾರೆ. ಪೋಸ್ಟ್ ಸ್ಯಾಂಪಲ್ ಅಷ್ಟು ಅಗ್ಗವಾಗಿ ಬರುವುದಾದರೆ ಅದನ್ನೇ ತರಿಸಿ ಬಾಡಿಗೆಗೆ ಇಡಬಹುದಲ್ಲವೇ?

ಕಾಯ್ದೆ ಓದುವವರು, ವರ್ಜೀನಿಯಾ

ದಯವಿಟ್ಟು ಅಲ್ಲಿಯೇ ನಿಲ್ಲಿಸಿ. ನಾನು ನಿಮ್ಮ ವಕೀಲನಲ್ಲ, ಈ ವಿಷಯಕ್ಕೆ ಬಂದೂಕಿನ ಕಾಯ್ದೆ ಬಲ್ಲ ವಕೀಲರೊಬ್ಬರಿಗೆ ಶುಲ್ಕ ಕೊಟ್ಟು ಕೇಳಲೇಬೇಕು. ಆದರೂ ಇಷ್ಟನ್ನು ಈಗಲೇ ಹೇಳುತ್ತೇನೆ: ಆ ಪತ್ರ ನಿಮ್ಮ ಮೇಲಿನ ವಿಶ್ವಾಸಕ್ಕೆ ಕೊಡುವ ಶಿಫಾರಸು ಪತ್ರವಲ್ಲ. ತನ್ನ ಇಲಾಖೆಗೆ ಈ ಮಾದರಿಯ ಅಗತ್ಯವಿರಬಹುದು, ಅದಕ್ಕಾಗಿ ಪ್ರದರ್ಶನ ನೋಡಬೇಕಿದೆ ಎಂದು ಅಧಿಕಾರಿಯೊಬ್ಬ ಫೆಡರಲ್ ಸರ್ಕಾರಕ್ಕೆ ಕೊಡುವ ಹೇಳಿಕೆ ಅದು. ಪ್ರದರ್ಶನಕ್ಕೆಂದು ಬರೆಸಿಕೊಂಡು ಬಾಡಿಗೆಗಾಗಿ ತರಿಸಿದರೆ ಪತ್ರ ಬರೆದವರೂ ಬರೆಸಿಕೊಂಡವರೂ ಸುಳ್ಳು ಹೇಳಿಕೆಯ ಆರೋಪಕ್ಕೆ ಸಿಕ್ಕಿಬೀಳುತ್ತಾರೆ.

ಇದು ಊಹೆಯ ಮಾತಲ್ಲ. ಅಯೋವಾ ರಾಜ್ಯದ ಆಡೇರ್ ಎಂಬ, ಸಾವಿರ ಜನರೂ ಇಲ್ಲದ ಊರಿನ ಪೊಲೀಸ್ ಮುಖ್ಯಸ್ಥ ತನ್ನ ಇಲಾಖೆಯ ಹೆಸರಿನಲ್ಲಿ ಪತ್ರಗಳನ್ನು ಬರೆದು ಹಲವು ಮೆಷಿನ್ ಗನ್‌ಗಳನ್ನು ತರಿಸಿದ ಪ್ರಕರಣದಲ್ಲಿ 2024ರಲ್ಲಿ ಜ್ಯೂರಿ ಆತನನ್ನು ತಪ್ಪಿತಸ್ಥ ಎಂದಿತು. 5 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಆ ಪ್ರಕರಣದಲ್ಲಿ ಚರ್ಚೆಗೆ ಬಂದ ಗನ್‌ಗಳಲ್ಲಿ ಎಂ60 ಕೂಡ ಒಂದು. ಅದಕ್ಕೂ ಮೊದಲು, 2023ರಲ್ಲಿ, ಮೇರಿಲ್ಯಾಂಡ್‌ನ ಫ್ರೆಡರಿಕ್ ಕೌಂಟಿಯ ಶೆರಿಫ್ ಮೇಲೂ ಅಲ್ಲಿ ಮೆಷಿನ್ ಗನ್ ಬಾಡಿಗೆ ವ್ಯವಹಾರ ನಡೆಸುತ್ತಿದ್ದವರ ಮೇಲೂ ಇಂಥದೇ ಪತ್ರಗಳ ಬಗ್ಗೆ ಆರೋಪಪಟ್ಟಿ ಸಲ್ಲಿಕೆಯಾಗಿತ್ತು. ಶೆರಿಫ್ ಮೇಲಿನ ಆರೋಪಗಳನ್ನು ಸರ್ಕಾರವೇ ಕೈಬಿಟ್ಟಿತು ಎಂಬುದು ನಿಜ, ಆದರೆ ಕೈಬಿಡುವವರೆಗಿನ ವಕೀಲರ ಖರ್ಚನ್ನು ಯಾರೂ ಹಿಂದಿರುಗಿಸುವುದಿಲ್ಲ. ಬಾಡಿಗೆಯ ರೇಂಜು ಮತ್ತು ಸ್ನೇಹದ ಅಧಿಕಾರಿ, ನೀವು ಹೇಳಿದ ಜೋಡಿಯೂ ಅದೇ ಅಲ್ಲವೇ?

2023ರ ನಂತರ, ಬಂದೂಕಿನ ಲೈಸೆನ್ಸ್ ಮತ್ತು ನೋಂದಣಿ ನೋಡಿಕೊಳ್ಳುವ ಫೆಡರಲ್ ಸಂಸ್ಥೆಯಾದ ಎಟಿಎಫ್ ಈ ಪತ್ರಗಳನ್ನು ಹೆಚ್ಚು ಬಿಗಿಯಾಗಿ ಪರಿಶೀಲಿಸುತ್ತಿದೆ. ಹತ್ತಾರು ಜನ ಸಿಬ್ಬಂದಿಯೂ ಇಲ್ಲದ ಊರಿನ ಪೊಲೀಸರಿಗೆ ನಿಮಿಷಕ್ಕೆ ಏಳೆಂಟು ನೂರು ಗುಂಡು ಹಾರಿಸುವ ಪದಾತಿದಳದ ಆಯುಧ ಏಕೆ ಬೇಕು ಎಂದು ಪರಿಶೀಲನಾಧಿಕಾರಿ ಕೇಳಿದರೆ ನಿಮ್ಮಲ್ಲಿ ಉತ್ತರವಿರಬೇಕು. ಪೊಲೀಸರು ಸಾಮಾನ್ಯವಾಗಿ ಕೇಳುವುದು ಸಣ್ಣ ನಳಿಗೆಯ ಕಾರ್ಬೈನ್‌ಗಳನ್ನು. ಬೆಲ್ಟ್ ಗನ್ ಅವರ ಕೆಲಸಕ್ಕೆ ಬರುವುದು ತೀರ ಅಪರೂಪ. ಹೀಗಾಗಿ ಪೋಸ್ಟ್ ಸ್ಯಾಂಪಲ್‌ಗಳಲ್ಲಿ ಪತ್ರವನ್ನು ಸಮರ್ಥಿಸಿಕೊಳ್ಳುವುದು ಅತಿ ಕಷ್ಟವಾಗುವುದು ಬೆಲ್ಟ್‌ಫೆಡ್ ವರ್ಗದಲ್ಲಿಯೇ.

ಓಹಾಯೋ ಹಳಬ

ಮೇಲಿನವರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. ಪತ್ರದ ತಂಟೆಯೇ ಬೇಡ ಎನ್ನುವವರು ಟೈಪ್ 07 ತಯಾರಕರ ಲೈಸೆನ್ಸ್ ಪಡೆದು ಕ್ಲಾಸ್ 2 ತೆರಿಗೆ ಕಟ್ಟುತ್ತಾರೆ; ಅವರು ತಾವೇ ತಯಾರಿಸಿದ್ದನ್ನು ಮರುದಿನದ ಕೆಲಸದ ಅವಧಿ ಮುಗಿಯುವುದರೊಳಗೆ ಫಾರ್ಮ್ 2ರಲ್ಲಿ ನೋಂದಾಯಿಸುತ್ತಾರೆ, ಪತ್ರ ಕೇಳುವ ಪ್ರಸಂಗ ಬರುವುದಿಲ್ಲ. ಲೈಸೆನ್ಸಿನ ಶುಲ್ಕವೂ ವಿಚಿತ್ರವಾಗಿ ಕಡಿಮೆ: ಟೈಪ್ 01ಕ್ಕೆ ಮೂರು ವರ್ಷಕ್ಕೆ 200 ಡಾಲರ್, ಟೈಪ್ 07ಕ್ಕೆ 150. ಆದರೆ ಮೆಷಿನ್ ಗನ್ ತಯಾರಕರಾದ ಕೂಡಲೇ ರಫ್ತು ಮಾಡದಿದ್ದರೂ ವಿದೇಶಾಂಗ ಇಲಾಖೆಯಲ್ಲಿ ಪ್ರತಿವರ್ಷ ನೋಂದಾಯಿಸಿಕೊಳ್ಳಬೇಕಾಗುತ್ತದೆ. 2025ರ ಜನವರಿಯಿಂದ ಅದರ ಕನಿಷ್ಠ ಶುಲ್ಕವೇ ವರ್ಷಕ್ಕೆ 3,000 ಡಾಲರ್. ಬಾಡಿಗೆಗೆ ಒಂದು ಗನ್ ಬೇಕೆಂಬ ಕಾರಣಕ್ಕೆ ತಯಾರಕರಾಗುವುದು ನನಗೆ ಸರಿ ಕಾಣುವುದಿಲ್ಲ. ನಿಜವಾಗಿ ತಯಾರಿಕೆಯ ವ್ಯವಹಾರ ಮಾಡುವ ಉದ್ದೇಶವಿದ್ದರೆ ಅದು ಬೇರೆಯೇ ಚರ್ಚೆ.

ರಿಪೇರಿ ಕೆಲಸದವರು, ಅರಿಜೋನಾ

ಕಾಗದದ ಮಾತು ಮುಗಿದಿದ್ದರೆ ಈಗ ಕಬ್ಬಿಣದ ಮಾತಿಗೆ ಬರೋಣ. ನನ್ನ ಮೇಜಿನ ಮೇಲೆ ಇವೆಲ್ಲ ಬಿಚ್ಚಿ ಬಿದ್ದಿರುವುದನ್ನು ನೋಡಿಯೇ ಹೇಳುತ್ತಿದ್ದೇನೆ.

ಎಂ60 ನೋಡಲು ಚೆಂದ, ಹೊಡೆಯಲು ಇನ್ನೂ ಚೆಂದ. ನಿಮಿಷಕ್ಕೆ ಸುಮಾರು 550 ಗುಂಡುಗಳ ನಿಧಾನಗತಿಯಿರುವುದರಿಂದ ಹೊಸಬರೂ ಹತೋಟಿಯಲ್ಲಿ ಇಟ್ಟುಕೊಳ್ಳಬಲ್ಲರು. ಆದರೆ ಡೀಲರ್ ಆಗಿ ಕೊಳ್ಳುವಾಗ ಮೇಲಿನ ಮುಚ್ಚಳ ತೆಗೆದು ರಿಸೀವರಿನ, ಅಂದರೆ ಗನ್ನಿನ ಮುಖ್ಯ ಚೌಕಟ್ಟಿನ, ರಿವೆಟ್‌ಗಳ ಸುತ್ತ ಬಿರುಕು ಬಿಟ್ಟಿದೆಯೇ, ಮೈ ಹಿಗ್ಗಿದೆಯೇ ಎಂದು ಬೆಳಕು ಹಿಡಿದು ನೋಡಬೇಕು. ತಗಡಿನ ಆ ರಿಸೀವರೇ ನೋಂದಣಿಯಾದ ಭಾಗ, ಮಿಕ್ಕಿದ್ದೆಲ್ಲ ಬಿಡಿಭಾಗ. ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಬೋಲ್ಟ್ ಮತ್ತು ಅದನ್ನು ಹಿಂದೆ ಮುಂದೆ ಓಡಿಸುವ ಆಪರೇಟಿಂಗ್ ರಾಡ್ ಉಜ್ಜಿಕೊಳ್ಳುವಲ್ಲಿ ಅಂಚು ಎದ್ದು ಮುಳ್ಳಾಗುತ್ತದೆ, ಅದನ್ನು ಆಗಾಗ ಸಾಣೆಕಲ್ಲಿನಿಂದ ನಯಗೊಳಿಸುತ್ತಿರಬೇಕು. ಗ್ಯಾಸ್ ಪಿಸ್ಟನ್ನನ್ನು ತಲೆಕೆಳಗಾಗಿ ಕೂರಿಸಲು ಸಾಧ್ಯವಿರುವಂತೆ ವಿನ್ಯಾಸ ಮಾಡಿದ ಪುಣ್ಯಾತ್ಮ ಯಾರೋ ಕಾಣೆ. ಹಾಗೆ ಕೂರಿಸಿದರೆ ಒಂದು ಗುಂಡು ಹಾರಿ ಗನ್ ನಿಂತುಬಿಡುತ್ತದೆ, ಗಿರಾಕಿ ನಿಮ್ಮ ಮುಖ ನೋಡುತ್ತಾನೆ. ಹಳೆಯ ಎಂ60ಯಲ್ಲಿ ಎರಡು ಕಾಲಿನ ಆಸರೆ ನಳಿಗೆಗೇ ಅಂಟಿಕೊಂಡಿರುವುದರಿಂದ, ಬಿಡಿ ನಳಿಗೆ ಕೊಳ್ಳುವಾಗ ಆಸರೆಗೂ ಸೇರಿಸಿಯೇ ಹಣ ತೆರುತ್ತೀರಿ.

ಎಂ240, ಅಂದರೆ ಬೆಲ್ಜಿಯಂನ ಎಫ್‌ಎನ್ ಮ್ಯಾಗ್‌ನ ಅಮೆರಿಕನ್ ರೂಪ, ಇವುಗಳಲ್ಲಿ ಗಟ್ಟಿಮುಟ್ಟಾದದ್ದು. ಅಮೆರಿಕದ ಸೇನೆ 1977ರಲ್ಲಿ ಟ್ಯಾಂಕಿಗೆಂದು ಆರಿಸಿಕೊಂಡು, 1990ರ ದಶಕದಲ್ಲಿ ಎಂ60ಯ ಜಾಗಕ್ಕೆ ಪದಾತಿದಳಕ್ಕೂ ಕೊಟ್ಟಿತು. ತೂಕ 27 ಪೌಂಡಿನ ಆಸುಪಾಸು. ಸೇನೆಯ ಕೈಪಿಡಿಯ ಲೆಕ್ಕದಲ್ಲಿ, ನಿಮಿಷಕ್ಕೆ 100 ಗುಂಡಿನಂತೆ ಹೊಡೆದರೆ ಹತ್ತು ನಿಮಿಷಕ್ಕೊಮ್ಮೆ, 200ರಂತೆ ಹೊಡೆದರೆ ಎರಡು ನಿಮಿಷಕ್ಕೊಮ್ಮೆ ನಳಿಗೆ ಬದಲಿಸಬೇಕು. ಬಾಡಿಗೆಗೆ ಇಡುವವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಎಂ240 ಟ್ರಾನ್ಸ್‌ಫರಬಲ್ ಆಗಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ; ಅದರ ಬದಲು ಪ್ರೀ ಮೇ ಸ್ಯಾಂಪಲ್ ಆಗಿ ಎಫ್‌ಎನ್ ಮ್ಯಾಗ್ ಎಲ್ಲಿಯಾದರೂ ಮಾರಾಟಕ್ಕೆ ಬಂದರೆ ಎರಡು ಸಲ ಯೋಚಿಸದೆ ವಿಚಾರಿಸಿ.

ಬ್ರೌನಿಂಗ್ 1919ರ ಕಥೆ ಬೇರೆ. ಅದರಲ್ಲಿ ನೋಂದಣಿಯಾಗಿರುವುದು ಬಲಗಡೆಯ ಪಕ್ಕದ ತಗಡು. 1986ಕ್ಕೆ ಮುಂಚೆ ಅಮೆರಿಕದ ಹಲವು ಸಣ್ಣ ತಯಾರಕರು ಹೊಸ ತಗಡು ಮಾಡಿ ನೋಂದಾಯಿಸಿ, ಯುದ್ಧಕಾಲದ ಬಿಡಿಭಾಗಗಳಿಂದ ಗನ್ ಕಟ್ಟಿದ್ದರು. ಅದಕ್ಕಾಗಿಯೇ ಟ್ರಾನ್ಸ್‌ಫರಬಲ್ ಬೆಲ್ಟ್‌ಫೆಡ್‌ಗಳಲ್ಲಿ ಕೈಗೆಟುಕುವ ಬೆಲೆಯ ಸಾಲಿಗೆ ಇಂದಿಗೂ ಇದು ಸೇರುತ್ತದೆ. ಬಿಡಿಭಾಗಗಳ ಕೊರತೆ ಇಲ್ಲ. ಇಸ್ರೇಲ್‌ನಲ್ಲಿ 7.62 ನ್ಯಾಟೊ ಗುಂಡಿಗೆ ಬದಲಿಸಿದ ಭಾಗಗಳೂ ಸಿಗುತ್ತವೆ, ಆಗ ದುಬಾರಿಯಾದ .30-06 ಗುಂಡು ಹುಡುಕಬೇಕಿಲ್ಲ. ಹಳೆಯ ಬಟ್ಟೆಯ ಬೆಲ್ಟುಗಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ತೇವ ಹಿಡಿದರೆ ಬಿಗಿಯಾಗಿ ಗುಂಡು ಸರಿಯಾಗಿ ಕಳಚುವುದಿಲ್ಲ.

ಇದರಲ್ಲಿ ಎರಡು ಎಚ್ಚರಿಕೆಗಳಿವೆ. ನಳಿಗೆಯನ್ನು ತಿರುಪಿನಂತೆ ಒಳಗೆ ತಿರುಗಿಸಿ, ಬಳಿಕ ಕ್ಲಿಕ್ ಎಣಿಸುತ್ತಾ ಹಿಂದಕ್ಕೆ ತಂದು, ಬೋಲ್ಟಿನ ಮುಖಕ್ಕೂ ಚೇಂಬರಿನಲ್ಲಿ ಕೂತ ತೋಟಾಕ್ಕೂ ನಡುವಿನ ಅಂತರವನ್ನು, ಅಂದರೆ ಹೆಡ್‌ಸ್ಪೇಸ್ ಹೊಂದಿಸಬೇಕು. ಇದನ್ನು ತಪ್ಪಿಸಿದರೆ ತೋಟಾ ಒಡೆದು ಮುಖಕ್ಕೆ ಬರುವ ಅಪಾಯವಿದೆ, ಆದ್ದರಿಂದ ಕೊಳ್ಳುವ ದಿನವೇ ಗೇಜ್ ಹಾಕಿ ಪರೀಕ್ಷಿಸಬೇಕು. ಎರಡನೆಯದು, ಎಂ60, ಎಂ240, ಎಂ249ಗಳ ಬೋಲ್ಟ್ ಹೊಡೆಯುವ ನಡುವೆ ತೆರೆದೇ ನಿಲ್ಲುತ್ತದೆ. 1919ರದ್ದು ಮುಚ್ಚಿ ನಿಲ್ಲುತ್ತದೆ. ಬಿಸಿಯಾದ ಚೇಂಬರಿನಲ್ಲಿ ಗುಂಡು ಕೂತಿದ್ದರೆ ಯಾರೂ ಟ್ರಿಗರ್ ಮುಟ್ಟದೆಯೇ ಹಾರಬಹುದು. ಬೆಲ್ಟ್ ಮುಗಿದ ಮೇಲೆ ಮುಚ್ಚಳ ತೆರೆದು ಚೇಂಬರ್ ಖಾಲಿಯೆಂದು ಕಣ್ಣಿಂದ ನೋಡುವವರೆಗೆ ಯಾರೊಬ್ಬರೂ ಗುರಿಯ ಕಡೆಗೆ ಹೆಜ್ಜೆ ಇಡಕೂಡದು.

ಎಂ249 ಬಗ್ಗೆ ನಿಮ್ಮ ಭಾವಮೈದುನರಿಗೆ ಬೇಸರವಾಗಬಹುದು. ಅಮೆರಿಕದ ಸೇನೆಗೆ ಅದು 1980ರ ದಶಕದಲ್ಲಿ ಬಂದದ್ದು, ಆದ್ದರಿಂದ ಜನಸಾಮಾನ್ಯರಿಗೆ ಮಾರಬಹುದಾದ ಎಂ249 ಎಂಬುದು ಪೇಟೆಯಲ್ಲಿ ಇಲ್ಲವೆಂದೇ ಇಟ್ಟುಕೊಳ್ಳಿ. ಸಿಗುವುದು ಪೋಸ್ಟ್ ಸ್ಯಾಂಪಲ್, ಅದಕ್ಕೆ ಪತ್ರ ಬೇಕು, ಪತ್ರದ ಗತಿ ಏನೆಂದು ಮೇಲೆ ಓದಿದ್ದೀರಿ.

ರೇಂಜ್ ನಡೆಸುವವಳು, ನೆವಾಡಾ

ರಿಪೇರಿಯವರು ಯಂತ್ರವನ್ನು ನೋಡಿದರು, ನಾನು ಗಲ್ಲಾಪೆಟ್ಟಿಗೆ ನೋಡುತ್ತೇನೆ. 100 ಗುಂಡಿನ ಬೆಲ್ಟ್ ಎಂ249ರಲ್ಲಿ ಏಳೆಂಟು ಸೆಕೆಂಡಿನಲ್ಲಿ ಮುಗಿಯುತ್ತದೆ. ಎಂ60ಯಲ್ಲಿ ಹನ್ನೊಂದು ಸೆಕೆಂಡು. ನಿಮಿಷಕ್ಕೆ 400ರಿಂದ 600ರ ನಡುವೆ ಓಡುವ 1919ರಲ್ಲಿ, ಹೊಂದಿಸಿಟ್ಟ ವೇಗದಂತೆ, ಹತ್ತರಿಂದ ಹದಿನೈದು ಸೆಕೆಂಡು. ಗಿರಾಕಿ ಹಣ ಕೊಡುವುದು ಬೆಲ್ಟಿಗೆ, ಮನೆಗೆ ಒಯ್ಯುವುದು ಆ ಸೆಕೆಂಡುಗಳನ್ನು. ನಿಧಾನದ ಗನ್ ಹೊಡೆದವರು ತೃಪ್ತಿಯಿಂದ ಹೋಗುತ್ತಾರೆ. ವೇಗದ ಗನ್ ಹೊಡೆದವರು ಇಷ್ಟೇನಾ ಎನ್ನುತ್ತಾರೆ. ಗುಂಡಿನ ಬೆಲೆ ಎಂ249 ಬಳಸುವ 5.56ಕ್ಕೆ ಅರ್ಧ ಡಾಲರಿನ ಸುತ್ತಮುತ್ತ, 7.62 ನ್ಯಾಟೊಗೆ ಒಂದು ಡಾಲರಿನ ಹತ್ತಿರ ಎಂದು ಹಿಡಿದು ನೀವೇ ಲೆಕ್ಕ ಹಾಕಿ. ಬೆಲ್ಟಿನಲ್ಲಿ ಗುಂಡುಗಳನ್ನು ಒಂದಕ್ಕೊಂದು ಜೋಡಿಸುವ ಲೋಹದ ಲಿಂಕುಗಳನ್ನು ಎಸೆಯಬೇಡಿ: 5.56ರ ಎಂ27 ಲಿಂಕ್, 7.62ರ ಎಂ13 ಲಿಂಕ್ ಎರಡನ್ನೂ ಆಯ್ದು, ಬಾಗಿದವನ್ನು ಬೇರ್ಪಡಿಸಿ ಮತ್ತೆ ಬಳಸಬಹುದು. ನಮ್ಮಲ್ಲಿ ಸಂಜೆ ಬಾಗಿಲು ಹಾಕಿದ ಮೇಲೆ ಲಿಂಕ್ ಜೋಡಿಸುವ ಯಂತ್ರದ ಮುಂದೆ ಕೂರುವುದಕ್ಕೆಂದೇ ಒಬ್ಬ ಹುಡುಗನಿದ್ದಾನೆ.

ರಷ್ಯದ ಪಿಕೆಎಂ ಮಾದರಿಯನ್ನು ಯಾರಾದರೂ ಅಗ್ಗಕ್ಕೆ ತೋರಿಸಿದರೆ ಗುಂಡಿನ ಪೂರೈಕೆ ನೆನಪಿರಲಿ. 2021ರ ಸೆಪ್ಟೆಂಬರ್‌ನಿಂದ ರಷ್ಯದ ಮದ್ದುಗುಂಡಿಗೆ ಹೊಸ ಆಮದು ಪರವಾನಗಿ ಸಿಗುತ್ತಿಲ್ಲ. 2005ರಿಂದ ಬಿಡಿಭಾಗಗಳ ಕಿಟ್ಟಿನ ಜೊತೆ ಹಳೆಯ ಮಿಲಿಟರಿ ನಳಿಗೆಗಳ ಆಮದೂ ನಿಂತಿದೆ. ವಿದೇಶಿ ಗನ್ನಿಗೆ ಬಿಡಿ ನಳಿಗೆ ಎಲ್ಲಿಂದ ಬರುತ್ತದೆ ಎಂಬುದನ್ನು ಮುಂಗಡ ಕೊಡುವ ಮುಂಚೆಯೇ ಕೇಳಬೇಕು.

ನಿಮ್ಮದು ಒಳಾಂಗಣ ರೇಂಜ್ ಎಂದಿರಿ. ಗುರಿಯ ಹಿಂದಿರುವ ಉಕ್ಕಿನ ತಡೆಗೋಡೆ .30 ಕ್ಯಾಲಿಬರ್ ರೈಫಲ್ ಗುಂಡನ್ನು ಒಂದೇ ಜಾಗದಲ್ಲಿ ಸತತವಾಗಿ ತಡೆದುಕೊಳ್ಳುತ್ತದೆ ಎಂದು ಅದನ್ನು ಹಾಕಿದವರಿಂದ ಬರಹದಲ್ಲಿ ಪಡೆಯಿರಿ. ಸೀಸದ ಹೊಗೆಗೆ ಗಾಳಿಯ ವ್ಯವಸ್ಥೆ ಸಾಲುತ್ತದೆಯೇ ಎಂಬುದನ್ನೂ ನೋಡಬೇಕು, ಉಸಿರಾಡುವವರು ದಿನವಿಡೀ ಅಲ್ಲೇ ನಿಲ್ಲುವ ನಿಮ್ಮ ಕೆಲಸಗಾರರು. ವಿಮೆಯವರಿಗೆ ಮೊದಲೇ ಹೇಳಿ.

ಇನ್ನು ನನ್ನ ನೇರ ಅಭಿಪ್ರಾಯ: ಮೊದಲ ಗನ್ ಪೂರ್ಣ ಆಟೋಮ್ಯಾಟಿಕ್ ಆಗಿರಲೇಬೇಕೆಂದಿಲ್ಲ. ಎಫ್‌ಎನ್ ಸಂಸ್ಥೆಯ ಎಂ249ಎಸ್ ಇದೆ, ನೋಟಕ್ಕೂ ತೂಕಕ್ಕೂ ಸೇನೆಯ ಎಂ249 ಹಾಗೆಯೇ, ಆದರೆ ಮುಚ್ಚಿದ ಬೋಲ್ಟಿನಿಂದ ಟ್ರಿಗರಿಗೊಂದೇ ಗುಂಡು. 1982ರಲ್ಲಿ ಎಟಿಎಫ್ ಕೆಲವು ತೆರೆದ ಬೋಲ್ಟಿನ ಸೆಮಿ ಆಟೋಮ್ಯಾಟಿಕ್‌ಗಳನ್ನು ಮೆಷಿನ್ ಗನ್ ಎಂದೇ ಪರಿಗಣಿಸಿದ ಮೇಲೆ ಇಂಥವೆಲ್ಲ ಮುಚ್ಚಿದ ಬೋಲ್ಟಿಗೆ ಬಂದವು. ಬೆಲೆ ಹತ್ತು ಸಾವಿರ ಡಾಲರಿನ ಆಸುಪಾಸು; ಸಾಮಾನ್ಯ ರೈಫಲ್ ಮಾರುವಂತೆ 4473 ಎಂಬ ಖರೀದಿ ನಮೂನೆ ತುಂಬಿಸಿ, ಹಿನ್ನೆಲೆ ಪರಿಶೀಲನೆ ಮುಗಿಸಿ ಮಾರಬಹುದು. ಓಹಾಯೋ ಆರ್ಡ್ನೆನ್ಸ್ ವರ್ಕ್ಸ್‌ನವರು ಎಂ240ರ ಸೆಮಿ ರೂಪ ಮಾಡುತ್ತಾರೆ, ಅದು ಇನ್ನೂ ದುಬಾರಿ. ಫೈಟ್‌ಲೈಟ್‌ನ ಎಂಸಿಆರ್ ಎಂಬುದು ಎಆರ್-15ರ ಕೆಳಭಾಗದ ಮೇಲೆ ಕೂರುವ ಬೆಲ್ಟ್‌ಫೆಡ್ ಮೇಲ್ಭಾಗ. ಟ್ರಾನ್ಸ್‌ಫರಬಲ್ ಎಂ16 ಹೊಂದಿರುವ ನಿಮ್ಮ ಹಳೆಯ ಗಿರಾಕಿಗಳು ಇದನ್ನು ಹುಡುಕಿಕೊಂಡು ಬರುತ್ತಾರೆ, ಅವರ ಎಂ16 ಒಮ್ಮೆಲೇ ಬೆಲ್ಟ್ ಗನ್ ಆಗುತ್ತದಲ್ಲ. ಅಂಗಡಿಯಲ್ಲಿ ಇಟ್ಟ ಮಾಲು ಮಾರಾಟವಾಗಬೇಕು ಎನ್ನುವವರಿಗೆ ಇದಕ್ಕಿಂತ ಚೊಕ್ಕವಾದದ್ದು ನನಗೆ ಕಾಣುವುದಿಲ್ಲ.

ರಿಪೇರಿ ಕೆಲಸದವರು, ಅರಿಜೋನಾ

ಮೇಡಂ, ಮಾರಾಟಕ್ಕೆ ಸರಿ, ಬಾಡಿಗೆಗೆ ಒಪ್ಪಲಾರೆ. ಬೆಲ್ಟ್ ಹಾಕಿದ ಗನ್ ಮುಂದೆ ಕೂತವರು ಟ್ರಿಗರನ್ನು ಒಂದೊಂದಾಗಿ ಎಳೆಯುತ್ತಾ ಹೋಗಲು ಹಣ ಕೊಡುತ್ತಾರೆಯೇ? ಜೊತೆಗೆ, ಮುಚ್ಚಿದ ಬೋಲ್ಟಿನ ಸೆಮಿಯಲ್ಲಿ ಬಿಸಿ ಚೇಂಬರಿನ ಅಪಾಯ 1919ರಷ್ಟೇ ಇದೆ ಎಂಬುದನ್ನು ಮರೆಯಬಾರದು.

ರೇಂಜ್ ನಡೆಸುವವಳು, ನೆವಾಡಾ

ಅಪಾಯದ ಮಾತನ್ನು ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಸೆಮಿ ಎಂ249ಎಸ್ ಹೊಡೆದು ನೋಡಿದವರಲ್ಲಿಯೇ ಅದನ್ನು ಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. ಪೂರ್ಣ ಆಟೋಮ್ಯಾಟಿಕ್ ಹೊಡೆದವರು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಅಷ್ಟೆ. ಅಂದಹಾಗೆ, ಸೆಮಿ ಎಂದ ಮಾತ್ರಕ್ಕೆ ಎಲ್ಲ ರಾಜ್ಯಗಳಿಗೂ ಮಾರಬಹುದು ಎಂದುಕೊಳ್ಳಬಾರದು. ಇಲಿನಾಯ್ 2023ರಲ್ಲಿ ತಂದ ಕಾಯ್ದೆಯಲ್ಲಿ ಬೆಲ್ಟ್‌ಫೆಡ್ ಸೆಮಿಗಳನ್ನು ಹೆಸರಿಸಿಯೇ ನಿಷೇಧಿಸಿದೆ.

ನ್ಯೂಜೆರ್ಸಿ ಟೆಕ್ಕಿ

ಕುತೂಹಲದಿಂದ ಓದುತ್ತಿದ್ದೇನೆ. ನಾನು ಎಚ್-1ಬಿ ವೀಸಾದಲ್ಲಿರುವವನು. ಇಂಥ ಅಂಗಡಿಯೊಂದರಲ್ಲಿ ಪಾಲುದಾರನಾಗಿ ಹಣ ಹೂಡಬಹುದೇ? ಊರಿಂದ ಬರುವ ಅಪ್ಪ ಅಮ್ಮನನ್ನು ಒಮ್ಮೆ ರೇಂಜಿಗೆ ಕರೆದೊಯ್ಯಬಹುದೇ?

ಕಾಯ್ದೆ ಓದುವವರು, ವರ್ಜೀನಿಯಾ

ವಲಸೆಯೇತರ ವೀಸಾದಲ್ಲಿ ಪ್ರವೇಶ ಪಡೆದವರು ಬಂದೂಕು ಅಥವಾ ಮದ್ದುಗುಂಡು ಹೊಂದುವುದನ್ನು ಫೆಡರಲ್ ಕಾಯ್ದೆ ಸಾಮಾನ್ಯವಾಗಿ ನಿಷೇಧಿಸುತ್ತದೆ. ಎಚ್-1ಬಿ ಆ ವರ್ಗಕ್ಕೆ ಸೇರುತ್ತದೆ. ತಂದೆತಾಯಿ ಬರುವ ಬಿ-2 ಪ್ರವಾಸಿ ವೀಸಾ ಕೂಡ. ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಇದೆ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹತ್ತು ನಿಮಿಷ ಕೈಯಲ್ಲಿ ಹಿಡಿಯುವುದೂ ಹೊಂದುವುದೇ ಆಗುತ್ತದೆ. ಯುರೋಪಿನಿಂದ ವೀಸಾ ಮನ್ನಾ ಯೋಜನೆಯಲ್ಲಿ ಬರುವವರ ವಿಷಯ ಬೇರೆ, ಭಾರತೀಯರು ವೀಸಾ ಪಡೆದೇ ಬರಬೇಕಾದವರಾದ್ದರಿಂದ ಆ ದಾರಿ ನಮಗಿಲ್ಲ. ಅಂಗಡಿಯ ಆಡಳಿತವನ್ನು ನಿರ್ದೇಶಿಸುವ ಅಧಿಕಾರವಿರುವ ಪಾಲುದಾರರ ಹೆಸರು, ಬೆರಳಚ್ಚು ಎಲ್ಲವೂ ಲೈಸೆನ್ಸ್ ಅರ್ಜಿಯಲ್ಲಿ ಬರುತ್ತವೆ. ಗ್ರೀನ್ ಕಾರ್ಡ್ ಬಂದ ಮೇಲೆ ಈ ಅಡ್ಡಿ ಇರುವುದಿಲ್ಲ, ಅಲ್ಲಿಯವರೆಗೆ ಕಾಯುವುದೇ ಲೇಸು. ಟೆಕ್ಸಾಸ್ ಅಂಗಡಿಯವರೇ, ನಮ್ಮವರು ಗುಂಪಾಗಿ ನಿಮ್ಮ ರೇಂಜಿಗೆ ಬಂದಾಗ ವೀಸಾ ಕೇಳುವುದಕ್ಕೆ ಸಂಕೋಚಪಟ್ಟುಕೊಳ್ಳಬೇಡಿ.

ಕೊಡಗಿನವರು

ನಮ್ಮಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ ಎಂದು ಎಲ್ಲರಿಗೂ ಗೊತ್ತು. ಭಾರತದಲ್ಲಿ ಬಂದೂಕಿನ ಡೀಲರ್ ಆದವರು ಇಂಥದ್ದನ್ನು ಮಾದರಿಗಾದರೂ ಇಡಲು ಅವಕಾಶವಿದೆಯೇ?

ಕಾಯ್ದೆ ಓದುವವರು, ವರ್ಜೀನಿಯಾ

ಇಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತು ಗುಂಡು ಹಾರಿಸುತ್ತಲೇ ಹೋಗುವ ಆಯುಧ ನಿಷೇಧಿತ ವರ್ಗಕ್ಕೆ ಸೇರುತ್ತದೆ. ಕೇಂದ್ರ ಸರ್ಕಾರದ ವಿಶೇಷ ಅಧಿಕಾರವಿಲ್ಲದೆ ಅದನ್ನು ಕೊಳ್ಳುವುದೂ ಮಾರುವುದೂ ತಯಾರಿಸುವುದೂ ಏಳನೆಯ ಸೆಕ್ಷನ್ನಿನಡಿ ನಿಷಿದ್ಧ. ಕೊಡವರ ವಿನಾಯಿತಿ ಕೂಡ ಇದಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಬೆಲ್ಟ್ ಗನ್ ಕೊಳ್ಳುವವರು ಸರ್ಕಾರದವರೇ: 2020ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 16,479 ನೆಗೆವ್ ಲಘು ಮೆಷಿನ್ ಗನ್‌ಗಳಿಗೆ ಇಸ್ರೇಲಿನ ಸಂಸ್ಥೆಯೊಂದಿಗೆ ಸುಮಾರು 880 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತ್ತು.

ಟೆಕ್ಸಾಸ್ ಅಂಗಡಿ

ಎಲ್ಲರ ಅಭಿಪ್ರಾಯಗಳನ್ನು ಭಾವಮೈದುನನ ಜೊತೆ ಕೂತು ಓದಿದೆ. ಪೊಲೀಸ್ ಪತ್ರದ ಮಾತನ್ನು ಕೈಬಿಟ್ಟಿದ್ದೇವೆ. ಮುಖ್ಯಸ್ಥರಿಗೂ ಕಾರಣ ತಿಳಿಸಿದೆ, ಅವರೂ ಒಪ್ಪಿದರು. ಮಾರಾಟಕ್ಕೆಂದು ಒಂದು ಎಂಸಿಆರ್ ತರಿಸುತ್ತೇವೆ. ಬಾಡಿಗೆಗೆ 7.62 ನ್ಯಾಟೊಗೆ ಹೊಂದಿಸಿದ ಟ್ರಾನ್ಸ್‌ಫರಬಲ್ 1919 ಹುಡುಕುತ್ತಿದ್ದೇವೆ. ಬೇರೆ ರಾಜ್ಯದ ಡೀಲರ್ ಒಬ್ಬರ ಬಳಿ ಒಂದಿದೆ. ನೋಡಲು ಹೋದಾಗ ಏನೇನು ಗಮನಿಸಬೇಕು?

ಓಹಾಯೋ ಹಳಬ

ಒಳ್ಳೆಯ ತೀರ್ಮಾನ. ಮೊದಲು ಅವರ ಬಳಿ ಇರುವ ಅನುಮೋದಿತ ಫಾರ್ಮಿನ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿರುವ ತಯಾರಕರ ಹೆಸರು, ಮಾದರಿ, ಕ್ಯಾಲಿಬರ್, ಸರಣಿ ಸಂಖ್ಯೆಗಳನ್ನು ಬಲಗಡೆಯ ತಗಡಿನ ಮೇಲೆ ಕೊರೆದಿರುವುದರೊಂದಿಗೆ ಒಂದೊಂದು ಅಕ್ಷರವಾಗಿ ಹೋಲಿಸಿ. ಫಾರ್ಮಿನಲ್ಲಿ .30-06 ಎಂದಿದ್ದು ಗನ್ನಿಗೆ ಈಗ 7.62ರ ನಳಿಗೆ ಹಾಕಿದ್ದರೆ, ಹಣ ಕೊಡುವ ಮುಂಚೆ ಆ ಬಗ್ಗೆ ಎಟಿಎಫ್‌ನ ನೋಂದಣಿ ಶಾಖೆಗೆ ಬರೆಯಿಸಿ. ತಗಡಿನ ಮೇಲೆ ಬೆಸುಗೆಯ ಗುರುತು ಕಂಡರೆ, ಅಂಕಿಗಳ ಮೇಲೆ ಮತ್ತೆ ಕೊರೆದಂತೆ ತೋರಿದರೆ ಬೆಲೆಯ ಮಾತೇ ಆಡದೆ ಎದ್ದು ಬನ್ನಿ.

ಇಬ್ಬರೂ ವಿಶೇಷ ತೆರಿಗೆ ಕಟ್ಟಿದ ಡೀಲರ್‌ಗಳಾದ್ದರಿಂದ ವರ್ಗಾವಣೆ ಫಾರ್ಮ್ 3ರಲ್ಲಿ ನಡೆಯುತ್ತದೆ, ತೆರಿಗೆ ಇಲ್ಲ. ಮುಂದೆ ನೀವು ನಾಗರಿಕರಿಗೆ ಮಾರಿದಾಗ ಮಾತ್ರ 200 ಡಾಲರ್ ಬರುತ್ತದೆ. 2026ರ ಜನವರಿಯಿಂದ ಸೈಲೆನ್ಸರ್‌ಗಳಿಗೆ ಆ ತೆರಿಗೆ ಸೊನ್ನೆಯಾಗಿದೆ, ಮೆಷಿನ್ ಗನ್ನಿಗೆ ಹಾಗೆಯೇ ಇದೆ. ಗಿರಾಕಿಗಳು ಎರಡನ್ನೂ ಗೊಂದಲ ಮಾಡಿಕೊಂಡು ಬರುತ್ತಾರೆ. ಅನುಮೋದನೆ ಬರುವವರೆಗೆ ಗನ್ ಅವರ ಅಂಗಡಿಯಿಂದ ಕದಲಬಾರದು. ಬಂದ ದಿನ ರಿಜಿಸ್ಟರಿನಲ್ಲಿ ಬರೆದು, ಅನುಮೋದಿತ ಫಾರ್ಮಿನ ಪ್ರತಿಯನ್ನು ತಪಾಸಣೆಗೆ ಬಂದವರಿಗೆ ಕೂಡಲೇ ತೋರಿಸುವಂತೆ ಇಟ್ಟುಕೊಳ್ಳಿ.

ವಿಶೇಷ ತೆರಿಗೆಯ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಜೂನ್‌ನಲ್ಲಿ ಕಟ್ಟಿದರೂ ಇಡೀ ವರ್ಷದ 500 ಡಾಲರನ್ನೇ ಕೊಡಬೇಕು. ಮಾತುಕತೆ ಜೂನ್ ಹೊತ್ತಿಗೆ ಕುದುರುವುದಾದರೆ, ಮಾರುವವರು ಮುಂದಿನ ವರ್ಷದ ತೆರಿಗೆ ಕಟ್ಟುತ್ತಾರೆಯೇ ಎಂದು ಕೇಳಿ. ಅವರು ಕಟ್ಟದೆ ಬಿಟ್ಟರೆ ಅದು ಎರಡೂ ಕಡೆಯ ಡೀಲರ್‌ಗಳ ನಡುವಿನ ವರ್ಗಾವಣೆಯಾಗಿ ಉಳಿಯುವುದಿಲ್ಲ, ಫಾರ್ಮ್ 3 ನಡೆಯದೆ ತೆರಿಗೆ ಕಟ್ಟಿ ಫಾರ್ಮ್ 4ರಲ್ಲಿ ಬರಬೇಕಾಗುತ್ತದೆ.

ಟೆಕ್ಸಾಸ್ ಅಂಗಡಿ

ಫಾರ್ಮಿನ ಪ್ರತಿ ಕಳಿಸಲು ಅವರಿಗೆ ಇಂದೇ ಬರೆದಿದ್ದೇನೆ. ಹೆಡ್‌ಸ್ಪೇಸ್ ಗೇಜನ್ನು ಜೊತೆಗೆ ಒಯ್ಯುತ್ತೇವೆ. ತಡೆಗೋಡೆ ಹಾಕಿದ ಸಂಸ್ಥೆಯಿಂದ ಬರಹದ ಉತ್ತರ ಬಾರದೆ ಮುಂಗಡ ಕೊಡುವುದಿಲ್ಲವೆಂದು ಭಾವಮೈದುನನಿಂದಲೂ ಒಪ್ಪಿಗೆ ಪಡೆದಿದ್ದೇನೆ.